ಎರಡೂವರೆ ಕತ್ತೆಯ ಉಸಿರು

ನಮ್ಮ ಮಾವನ ಉಸಿರನ್ನು ನಾವು ಮನೆಯಲ್ಲಿ ಅಳೆಯುತ್ತಿದ್ದುದು ಕತ್ತೆಗಳ ಲೆಕ್ಕದಲ್ಲಿ. ಆಸ್ಪತ್ರೆಯಲ್ಲಿ ಅದಕ್ಕೆಂದೇ ಒಂದು ಯಂತ್ರವಿದೆ, ಬಾಯಿಗೆ ಕೊಳವೆಯಿಟ್ಟು ಊದಿಸುತ್ತಾರೆ ಎಂದು ಗೊತ್ತಾದದ್ದು ಆಮೇಲೆ. ಚಾಂಪಿಯನ್ ರೀಫ್ಸಿನಲ್ಲಿ ಚಿನ್ನದ ಗಣಿಯ ಕೆಲಸಗಾರರಿಗೆಂದು ಸಾಲಾಗಿ ಕಟ್ಟಿದ ನಮ್ಮ ಲೈನ್ ಮನೆಯ ಪಕ್ಕದವರಿಗೆ ಒಂದು ಮೇಕೆ ಇತ್ತು, ಈಗಲೂ ಇದೆ. ನಾನು ಹೊಲಿಯಲು ಇಟ್ಟುಕೊಂಡ ಬಟ್ಟೆ, ಮಾವ ನೆಟ್ಟ ಸೇವಂತಿಗೆ, ಕಿಟಕಿಗೆ ಸಿಕ್ಕಿಸಿದ ಕರೆಂಟ್ ಬಿಲ್ಲು, ಯಾವುದನ್ನೂ ಅದು ಬೇಡ ಎಂದದ್ದಿಲ್ಲ. ಅದು ಬಾಗಿಲಲ್ಲಿ ಮುಖ ತೋರಿಸಿದ ಕೂಡಲೆ ಮಾವ ಕೂತಲ್ಲಿಂದಲೇ ಒಂದೇ ಉಸಿರಿಗೆ ಬಯ್ಯುತ್ತಿದ್ದರು: "ಲೇ ಕತ್ತೆ ನನ್ಮಗನೆ, ಗಾಡಿದ ಕೊಡಕಾ, ಕಳುದೆ ಪಯಲೇ!"

ಕನ್ನಡದ ಕತ್ತೆ, ತೆಲುಗಿನ ಕತ್ತೆ, ತಮಿಳಿನ ಕತ್ತೆ. ಮಾವ ಬೂದಿಕೋಟೆ ಕಡೆಯ ರೈತರ ಮನೆಯವರು, ಮೀಸೆ ಚಿಗುರುವಾಗಲೇ ಬಂದು ಗಣಿಗೆ ಸೇರಿದವರು. ನೆಲದಡಿಯ ಕತ್ತಲಲ್ಲಿ ಎದುರಿಗಿರುವವನು ಯಾವ ಭಾಷೆಯವನೋ ಕಾಣುವುದಿಲ್ಲ, ಮೂರರಲ್ಲೂ ಬಯ್ದುಬಿಟ್ಟರೆ ಯಾವುದಾದರೂ ಒಂದು ತಗಲುತ್ತದೆ ಎಂದು ಅವರ ವಿವರಣೆ. ಗಣಿ ಮುಚ್ಚಿ ಇಷ್ಟು ವರ್ಷವಾದರೂ ಆ ಅಭ್ಯಾಸ ಮುಚ್ಚಿರಲಿಲ್ಲ. ಮೇಕೆಗೆ ಎಷ್ಟು ಭಾಷೆ ಬರುತ್ತಿತ್ತೋ ನಾ ಕಾಣೆ.

ಅತ್ತೆ ಮಾತ್ರ ಪ್ರತಿಸಲವೂ ಕಿವಿ ಮುಚ್ಚಿಕೊಳ್ಳುತ್ತಿದ್ದರು. "ಶಿವಶಿವಾ, ಬಾಯಲ್ಲ ಅದು, ಮೋರಿ" ಎನ್ನುತ್ತಿದ್ದರು. ಅಷ್ಟೇ ಅವರ ಬಾಯಿಂದ ಬಂದ ಅತಿ ಗಡುಸು ಮಾತು. ನಾನು ಸೊಸೆಯಾಗಿ ಬಂದಂದಿನಿಂದ ಅವರು ಯಾರನ್ನೂ ಬಯ್ದದ್ದು ಕೇಳಿಲ್ಲ. ಬೆಕ್ಕು ಹಾಲು ಕುಡಿದು ಓಡಿದರೆ "ಅಸ್ಕೊಂಡಿತ್ತೇನೋ, ಓಗ್ಲಿ ಬಿಡಮ್ಮಿ" ಎನ್ನುವ ಹೆಂಗಸು. ನನಗೆ ಇದನ್ನೆಲ್ಲ ನೋಡಿ ಮೈ ಉರಿಯುತ್ತಿತ್ತು. ನನ್ನದು ಮೊದಲೇ ಸಿಡುಕು ಬುದ್ಧಿ, ಹೊಲಿಗೆ ಮಿಷನ್ನಿನ ದಾರ ಕಡಿದರೂ ಮಿಷನ್ನಿಗೆ ಎರಡು ಬಯ್ಯುವವಳು ನಾನು.

ಒಂದು ಆಷಾಢದ ದಿನ ಮೇಕೆ ಬಂತು. ಕತ್ತೆ ಆಯಿತು, ಗಾಡಿದ ಆಯಿತು, ತಮಿಳಿನದು "ಕಳು" ಎನ್ನುವಲ್ಲಿಗೆ ನಿಂತುಹೋಯಿತು. ಮೇಕೆ ಕೂಡ ತಲೆಯೆತ್ತಿ ಉಳಿದದ್ದಕ್ಕೆ ಕಾಯಿತು. ಉಳಿದದ್ದು ಬರಲಿಲ್ಲ. ಮಾರನೆಯ ದಿನವೂ ಅಷ್ಟೇ, ಅದರ ಮಾರನೆಯ ದಿನವೂ ಅಷ್ಟೇ. ಅತ್ತೆಗೆ ಸಂತೋಷವೋ ಸಂತೋಷ. ಮುದುಕನಿಗೆ ಕಡೆಗಾಲಕ್ಕಾದರೂ ಬುದ್ಧಿ ಬಂತು, ಮನೆದೇವರು ವೆಂಕಟರಮಣ ಕಣ್ಣು ಬಿಟ್ಟ ಎಂದು ತುಪ್ಪದ ದೀಪ ಹಚ್ಚಿದರು. ಹೀಗೆ ಸ್ವಲ್ಪ ಕಾಲ ನಾವು ಅವರ ಕಾಯಿಲೆಯನ್ನು ಭಕ್ತಿ ಎಂದುಕೊಂಡಿದ್ದೆವು.

ಆಮೇಲೆ ಬೀದಿ ನಲ್ಲಿಯಿಂದ ಅರ್ಧ ಬಿಂದಿಗೆ ನೀರು ತರುವಷ್ಟರಲ್ಲಿ ಮಾವ ದಾರಿಯಲ್ಲಿ ಕೂತುಬಿಟ್ಟರು. ಒಣಕೆಮ್ಮು, ಬೆವರು, ತುಟಿ ನೀಲಿ. ನನ್ನ ಗಂಡ ಕೆಲಸಕ್ಕೆಂದು ಬಂಗಾರಪೇಟೆಯಿಂದ ಬೆಳಗಿನ ರೈಲು ಹಿಡಿದರೆ ದೀಪ ಹಚ್ಚಿದ ಮೇಲೆಯೇ ಮನೆಗೆ ಬರುವವರು. ಹಾಗಾಗಿ ಆಸ್ಪತ್ರೆಗೆ ಮಾವನನ್ನು ಕರೆದುಕೊಂಡು ಹೋಗುವ ಕೆಲಸ ನನ್ನ ತಲೆಗೇ ಬಂತು. ಸ್ಕ್ಯಾನ್ ಆಯಿತು, ಕೊಳವೆ ಊದಿಸಿದ್ದಾಯಿತು, ರಕ್ತ ತೆಗೆದದ್ದಾಯಿತು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ತಾಳ್ಮೆಯವರು. ಸುಟ್ಟ ಗಾಯ ಒಣಗಿದ ಮೇಲೆ ಚರ್ಮ ಹೇಗೆ ಬಿಗಿದುಕೊಳ್ಳುತ್ತದೋ ಹಾಗೆ ಮಾವನ ಶ್ವಾಸಕೋಶದೊಳಗೆ ಕಲೆ ಕಟ್ಟುತ್ತಿದೆ, ಅದು ಹಬ್ಬುತ್ತಲೂ ಇದೆ ಎಂದರು. "ಆಗಿರೋ ಕಲೆ ಯಾವ ಮಾತ್ರೆಗೂ ಹೋಗಲ್ಲ, ತಾತ. ಈ ಮಾತ್ರೆ ಅದು ಹಬ್ಬೋದನ್ನ ನಿಧಾನ ಮಾಡುತ್ತೆ, ಅಷ್ಟೇ. ಆದ್ರೆ ಇದನ್ನ ಹೇಗಂದ್ರೆ ಹಾಗೆ ನುಂಗೋಹಾಗಿಲ್ಲ."

ಆಮೇಲೆ ಒಂದೊಂದಾಗಿ ಹೇಳಿದರು. ಮೊದಲು ಕಡಿಮೆ, ವಾರ ಕಳೆದಂತೆ ಏರಿಸಬೇಕು. ಖಾಲಿ ಹೊಟ್ಟೆಗೆ ಕೂಡದು, ಊಟ ಮಾಡುತ್ತಲೇ ತೆಗೆದುಕೊಳ್ಳಬೇಕು. ಒಂದು ಹೊತ್ತು ಮರೆತರೆ ಮರೆತಂತೆ, ಮುಂದಿನ ಹೊತ್ತಿಗೆ ಎರಡು ಸೇರಿಸಿ ನುಂಗಬಾರದು. ಲಿವರ್ ನೋಡಲು ತಿಂಗಳಿಗೊಮ್ಮೆ ರಕ್ತ ಕೊಡಬೇಕು. ಕಣ್ಣು ಹಳದಿಯಾದರೆ, ಮೂತ್ರ ಕಪ್ಪಗಾದರೆ, ಮೈಮೇಲೆ ದದ್ದೆದ್ದರೆ, ಮುಖ ಊದಿದರೆ ಮುಂದಿನ ತಾರೀಖಿಗೆ ಕಾಯದೆ ಓಡಿ ಬರಬೇಕು. ಬೇರೆ ಯಾವ ಔಷಧಿಯನ್ನೂ, ನಾಟಿ ಕಷಾಯವನ್ನು ಕೂಡ, ಕೇಳದೆ ಕುಡಿಯಬಾರದು. ಬೀಡಿ ಮುಟ್ಟಬಾರದು. ಕೊನೆಗೆ, ಈ ಮಾತ್ರೆ ತೆಗೆದುಕೊಳ್ಳುವವರ ಚರ್ಮಕ್ಕೆ ಬಿಸಿಲು ಆಗದು, ಬಿಸಿಲಿಗೆ ಮೈಯೊಡ್ಡಬಾರದು.

ಅಲ್ಲಿಯವರೆಗೂ ತಲೆಯಾಡಿಸುತ್ತಿದ್ದ ಮಾವ ಕೊನೆಯದಕ್ಕೆ ಬೆಚ್ಚಿಬಿದ್ದರು. "ಏನಮ್ಮಾ ಇಂಗಂತೀಯ? ಮೂವತ್ತು ವರ್ಸ ಬಿಸ್ಲೇ ಕಾಣ್ದಂಗೆ ನೆಲದೊಳಗೆ ದುಡ್ದಿವ್ನಿ. ಈಗ ಪುಕ್ಕಟೆ ಬಿಸ್ಲು ಸಿಗ್ತೈತೆ ಅಂತ ಕುಂತ್ಕೊಂಡ್ರೆ ಅದೂ ಬ್ಯಾಡ್ವಾ?"

ಡಾಕ್ಟರಮ್ಮ ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ಬೆಳಿಗ್ಗೆ ಬಾಗಿಲ ಮುಂದಿನ ಕಲ್ಲಿನ ಮೇಲೆ ಬೆನ್ನು ಕಾಯಿಸಿಕೊಳ್ಳುವುದು ಬಿಟ್ಟರೆ ಆ ಮನುಷ್ಯನಿಗೆ ಇದ್ದ ಸುಖ ಇನ್ನೊಂದಿಲ್ಲ ಎಂದು ನನಗೆ ಗೊತ್ತಿತ್ತು.

ಮಾತ್ರೆ ಶುರುವಾಯಿತು. ಹೊತ್ತಿಗೆ ಸರಿಯಾಗಿ ಉಣಿಸುವುದೇ ಒಂದು ಗೋಳು, ಏಕೆಂದರೆ ಮಾವನ ಹೊಟ್ಟೆ ಗಡಿಯಾರ ನೋಡಿ ಹಸಿಯುವುದಿಲ್ಲ, ಗಣಿಯ ಸಂಗು ಕೂಗಿದರೆ ಹಸಿಯುತ್ತದೆ. ಸಂಗು ಎಂದರೆ ಶಿಫ್ಟಿನ ಸೈರನ್ನು, ಅದು ನಿಂತು ಯಾವ ಕಾಲವಾಯಿತು. ಕೊನೆಗೆ ನಾನು ಖಾಲಿ ಕುಕ್ಕರಿಗೆ ನೀರು ಹಾಕಿ ವಿಷಲ್ ಕೂಗಿಸಲು ಶುರುಮಾಡಿದೆ. ಕುಕ್ಕರ್ ಕೂಗಿತೆಂದರೆ ಮಾವ ಎದ್ದು ಕೈ ತೊಳೆಯುವರು. ಅರ್ಧ ಮುದ್ದೆ ಒಳಗೆ ಹೋದಮೇಲೆ ಅತ್ತೆ ಅಂಗೈಯಲ್ಲಿ ಮಾತ್ರೆ ಹಿಡಿದು ನಿಲ್ಲುವರು, ಅದನ್ನು ನುಂಗಿ ಉಳಿದರ್ಧ ಮುದ್ದೆ. ಮೂರು ಹೊತ್ತೂ ನಾನು ಗ್ಯಾಸು ಸುಟ್ಟು ಬರೀ ನೀರು ಬೇಯಿಸುತ್ತಿದ್ದೆ. ರವಿಕೆ ಹೊಲಿಸಲು ಬಂದವರು "ಏನ್ ಅಡಿಗೆ ಇವತ್ತು?" ಎಂದರೆ ಏನೆಂದು ಹೇಳಲಿ!

ಮೊದಲ ಶನಿವಾರವೇ ಎಡವಟ್ಟಾಯಿತು. ವೆಂಕಟರಮಣನ ಹೆಸರಲ್ಲಿ ಶನಿವಾರ ಮಾವನದು ಒಪ್ಪೊತ್ತು. ಬೆಳಿಗ್ಗೆ ಊಟ ಬಿಟ್ಟರು, ಮಾತ್ರೆ ಬಿಡಲಿಲ್ಲ. "ದ್ಯಾವ್ರು ಊಟ ಬ್ಯಾಡ ಅಂದವ್ನೆ, ಮಾತ್ರೆ ಬ್ಯಾಡ ಅಂದಿಲ್ವಲ್ಲ" ಎಂದು ಬರೀ ನೀರಿಗೆ ನುಂಗಿ, ತಲೆ ತಿರುಗಿ, ಬಚ್ಚಲಲ್ಲಿ ವಾಂತಿ ಮಾಡಿಕೊಂಡರು. ನಾನು ಫೋನು ಮಾಡಿದರೆ ಡಾಕ್ಟರಮ್ಮ, ಹೊಟ್ಟೆಗಿಲ್ಲದೆ ಕೊಡಲೇಬೇಡಿ ಎಂದು ಹೇಳಿದ್ದೆನಲ್ಲ ಎಂದು ಗದರಿದರು. ಒಪ್ಪೊತ್ತು ಬಿಡಲು ಮಾವ ಒಪ್ಪರು, ಮಾತ್ರೆ ಬಿಡಲು ನಾನು ಒಪ್ಪೆ. ನಡುವೆ ಅತ್ತೆ ದೇವರ ಪಟದ ಮುಂದೆ ನಿಂತು, "ಅವ್ರ ಒಪ್ಪೊತ್ತು ಇನ್ಮೇಲೆ ನಾನ್ ಮಾಡ್ತೀನಿ, ಲೆಕ್ಕಕ್ಕೆ ಸೇರಿಸ್ಕೊಳಪ್ಪ" ಎಂದು ಬದಲಿ ಕೊಟ್ಟರು. ಗಣಿಯಲ್ಲಿ ಒಬ್ಬನ ಶಿಫ್ಟಿಗೆ ಇನ್ನೊಬ್ಬ ಹೋಗುತ್ತಿದ್ದದ್ದು ನೆನಪಾಗಿ ಮಾವನಿಗೆ ಈ ಏರ್ಪಾಡು ಸರಿಯಾಗಿಯೇ ಕಂಡಿತು.

ಇನ್ನು ಬಿಸಿಲಿನ ಮಾತು. ಮುಂದಿನ ಕೋಣೆಯ ಕಿಟಕಿಗೆ ಒಂದು ಪರದೆ ಹೊಲಿದು ಹಾಕೋಣ ಎಂದಷ್ಟೇ ನಾನು ಅಂದದ್ದು. ಆ ಮಾತು ಹಿಂದಿನ ಲೈನಿನಲ್ಲಿರುವ ಮಾವನ ಇಬ್ಬರು ಜೊತೆಗಾರರ ಕಿವಿಗೆ ಬಿತ್ತು. ಒಬ್ಬರನ್ನು ಎಲ್ಲರೂ ಟಿಂಬರ್ ತಾತ ಎನ್ನುತ್ತಾರೆ. ತಮಿಳಿನವರು, ನೆಲದಡಿಯಲ್ಲಿ ಬಂಡೆ ಕುಸಿಯದಂತೆ ಮರದ ಕಂಬ ಕೊಡುವ ಕೆಲಸದಲ್ಲಿದ್ದವರು. ಇನ್ನೊಬ್ಬರು ಗಂಟೆ ತಾತ. ತೆಲುಗಿನವರು, ಜನರನ್ನು ಇಳಿಸುವ ಹತ್ತಿಸುವ ಕಬ್ಬಿಣದ ಕೇಜಿಗೆ ಗಂಟೆ ಬಾರಿಸುತ್ತಿದ್ದವರು. ಮಾವ ಅವರಿಗೆ ಮಾತ್ರೆಯ ವಿಷಯ ತಿಳಿಸಿ ಹೇಳಿದರು: "ಕಂಬ ಕೊಟ್ಟಂಗೆ ಕಣ್ರಲಾ. ಕಲ್ಲು ಮ್ಯಾಕ್ಕೋಗಲ್ಲ, ಕೆಳಕ್ಕೂ ಬರಲ್ಲ, ಅಂಗೇ ನಿಲ್ಸ್ತೈತೆ."

ಕಂಬ ಎಂದದ್ದೇ ತಡ, ಟಿಂಬರ್ ತಾತನ ಕಣ್ಣು ಹೊಳೆಯಿತು. "ಪರದೆ ಗಿರದೆ ಏನೂ ಬ್ಯಾಡಮ್ಮಾ. ಬಿಸ್ಲು ಬರ್ದಂಗೆ ಮಾಡೋದು ನಮ್ಗಿಂತ ಯಾರಿಗ್ ಗೊತ್ತು?" ಎಂದರು. ನಾನು ಬೇತಮಂಗಲದಲ್ಲಿ ತವರಿನ ಒಂದು ಮದುವೆಗೆ ಹೋಗಿ ಎರಡು ದಿನ ಬಿಟ್ಟು ಬಂದೆ, ನೋಡಿ! ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದರು. ಕಿಟಕಿಗೆ ಒಳಗೊಂದು ಹೊರಗೊಂದು ಗೋಣಿಚೀಲ ಜಡಿದಿತ್ತು. ಹೆಂಚಿನ ಸಂದು, ಬಾಗಿಲ ಮೇಲಿನ ಗಾಳಿಕಿಂಡಿ ಎಲ್ಲಕ್ಕೂ ಟಾರ್ಪಾಲು. ಗೋಡೆಯುದ್ದಕ್ಕೂ ನೀಲಗಿರಿ ಕಂಬ ನಿಲ್ಲಿಸಿ, ಮೇಲೆ ಅಡ್ಡಮರ ಕೊಟ್ಟಿತ್ತು. ಬಾಗಿಲ ಚೌಕಟ್ಟಿಗೆ ಸೈಕಲ್ ಗಂಟೆ. ಒಳಗೆ ಕಾರ್ಗತ್ತಲಲ್ಲಿ ಮೂರು ಮುದುಕರು ಹಳೇ ಹೆಲ್ಮೆಟ್ ಹಾಕಿಕೊಂಡು, ಹಣೆಯ ಮೇಲೆ ಟಾರ್ಚು ಕಟ್ಟಿಕೊಂಡು ಕೂತಿದ್ದರು. ನಾನು ಒಳಗೆ ಕಾಲಿಡುತ್ತಿದ್ದಂತೆ ಮೂರು ಬೆಳಕೂ ನನ್ನ ಮುಖದ ಮೇಲೆ ಬಿದ್ದವು.

"ಗಂಟೆ ಬಾರಿಸ್ದೆ ಇಳಿಯಂಗಿಲ್ಲಮ್ಮಾ!" ಎಂದರು ಗಂಟೆ ತಾತ.

"ನನ್ನ ಮನೆಗೆ ನಾನು ಬರೋಕೆ ಗಂಟೆ ಬಾರಿಸ್ಬೇಕಾ?"

"ಮನೆ ಅಲ್ಲಮ್ಮಾ ಇದು, ಲೆವೆಲ್ಲು. ಮನೆ ಮ್ಯಾಲೈತೆ" ಎಂದರು ಮಾವ, ಅಡುಗೆಮನೆಯ ಕಡೆ ಕೈ ತೋರಿಸುತ್ತ. ನೆಲದಡಿಯ ಒಂದೊಂದು ಅಂತಸ್ತಿಗೂ ಗಣಿಯಲ್ಲಿ ಲೆವೆಲ್ಲು ಎನ್ನುತ್ತಾರೆ.

ನಾನು ಕೂಗಾಡಿದೆ, ಕಂಬಕ್ಕೆ ಒದ್ದೆ, ಕಾಲು ನೋಯಿಸಿಕೊಂಡೆ. ಆದರೆ ಒಂದು ಮಾತು ಒಪ್ಪಬೇಕು: ಬಿಸಿಲಿಲ್ಲದೆ ಮುಖ ಬಾಡಿಸಿಕೊಂಡಿದ್ದ ಮಾವ ಆ ಕತ್ತಲಲ್ಲಿ ಲಕಲಕ ಎನ್ನುತ್ತಿದ್ದರು. ಮಾತ್ರೆ ಶುರುವಾದಾಗಿನಿಂದ ಊಟ ಸೇರುತ್ತಿಲ್ಲ ಎನ್ನುತ್ತಿದ್ದವರು ಈಗ ಜೊತೆಗಾರರ ನಡುವೆ ಕೂತು ಶಿಫ್ಟಿನ ಊಟ ಎಂದು ತಟ್ಟೆ ಖಾಲಿ ಮಾಡುತ್ತಿದ್ದರು. ಕುಕ್ಕರ್ ಕೂಗುವುದು, ಗಂಟೆ ತಾತ ಕೇಜಿನ ಗಂಟೆ ಬಾರಿಸುವುದು, ಅತ್ತೆ ತಟ್ಟೆ ಹಿಡಿದು ಬಗ್ಗಿಕೊಂಡು "ಇಳಿಯಲಾ?" ಎಂದು ಕೇಳಿ ಒಳಗೆ ಹೋಗುವುದು. ಬಗ್ಗುವ ಅಗತ್ಯವೇ ಇರಲಿಲ್ಲ, ಬಾಗಿಲು ಎತ್ತರವಾಗಿಯೇ ಇತ್ತು. ಆದರೂ ಬಗ್ಗುತ್ತಿದ್ದರು. ಕೆಲವು ದಿನ ಕಳೆದಮೇಲೆ ನೋಡಿದರೆ ನಾನೂ ಬಗ್ಗುತ್ತಿದ್ದೆ.

ಹೊಲಿಸಲು ಬರುವವರಿಗೆ ಇದನ್ನು ವಿವರಿಸುವಷ್ಟರಲ್ಲಿ ನನ್ನ ಪ್ರಾಣ ಹೋಗುತ್ತಿತ್ತು. ಮಿಷನ್ನನ್ನು ಅಡುಗೆಮನೆಗೆ ಎಳೆದುಕೊಂಡು, ಎಲ್ಲರಿಗೂ ಹಿತ್ತಿಲ ಬಾಗಿಲಿಂದ ಬರಲು ಹೇಳಿದೆ. ಮದುಮಗಳೊಬ್ಬಳು ರವಿಕೆ ಅಳತೆ ನೋಡಲು ಬಂದವಳು ದಾರಿ ತಪ್ಪಿ ಮುಂದಿನ ಕೋಣೆಯ ಬಾಗಿಲು ತೆರೆದು, ಮೂರು ದೀಪ ಕಂಡು ಕಿಟಾರನೆ ಕಿರುಚಿ ಓಡಿದಳು. ಅವಳ ರವಿಕೆ ಇನ್ನೂ ನನ್ನ ಹತ್ತಿರವೇ ಇದೆ.

ಅಷ್ಟರಲ್ಲಿ ಒಳಗಿನಿಂದ ಊದುಬತ್ತಿಯ ವಾಸನೆ ಬರಲು ಶುರುವಾಯಿತು. ಇಳಿಯುವ ಮುನ್ನ ಪೂಜೆ ಮಾಡುವುದು ಪದ್ಧತಿ ಎಂದರು. ಸರಿ. ಬೆಳಿಗ್ಗೆ ಒಂದು ಕಡ್ಡಿ, ಮಧ್ಯಾಹ್ನ ಒಂದು ಕಡ್ಡಿ, ಸಂಜೆ ಕಟ್ಟು ಕಟ್ಟು. ಇಷ್ಟೊಂದು ಭಕ್ತಿ ಯಾಕೆಂದು ನನಗೆ ಅನುಮಾನ. ಒಂದು ದಿನ ಗಂಟೆ ಬಾರಿಸದೆ ನುಗ್ಗಿದೆ. ಗಂಟೆ ತಾತ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡರು, ಬೆನ್ನ ಹಿಂದಿನಿಂದ ಹೊಗೆ ಎದ್ದಿತು.

"ಬೀಡಿ!"

"ಅವ್ರು ಸೇದಿಲ್ಲಮ್ಮಾ, ದೇವ್ರಾಣೆ. ನಾನೊಬ್ನೇ. ಅದೂ ಒಂದೇ ಒಂದು."

"ನಾ ಮುಟ್ಟೇ ಇಲ್ಲ ಕಣಮ್ಮಾ" ಎಂದರು ಮಾವ. ಅದು ನಿಜ, ಅವರು ಸುಳ್ಳು ಹೇಳುವವರಲ್ಲ. ಡಾಕ್ಟರಮ್ಮ ಬೇಡ ಎಂದ ದಿನವೇ ಬೀಡಿಕಟ್ಟನ್ನು ಗಂಟೆ ತಾತನಿಗೆ ಕೊಟ್ಟುಬಿಟ್ಟಿದ್ದರು. ಗಂಟೆ ತಾತ ಅದನ್ನು ಹಾಳುಮಾಡಬಾರದೆಂದು ಮಾವನ ಪಕ್ಕದಲ್ಲೇ ಕೂತು ಸೇದುತ್ತಿದ್ದರು. ನಾನು ಬಾಯಿಗೆ ಬಂದಂತೆ ಬಯ್ದು ಹೊರಗೆ ಬಂದೆ. ಬೀಡಿ ನಿಂತಿತೆಂದು ನಂಬಿದೆ. ನಂಬುವ ಹಾಗೆ ಊದುಬತ್ತಿಯನ್ನು ಇನ್ನೂ ಜಾಸ್ತಿ ಮಾಡಿದರು.

ಒಂದು ಮಧ್ಯಾಹ್ನ ಮೇಕೆ ಹೊರಗೆ ಜೋತಿದ್ದ ಟಾರ್ಪಾಲಿನ ತುದಿಯನ್ನು ಪರಪರ ಜಗಿಯುತ್ತಿತ್ತು. ಒಳಗಿನಿಂದ ಮಾವನ ಕೂಗು: "ಲೇ ಕತ್ತೆ ನನ್ಮಗನೆ, ಗಾಡಿ..." ಅಷ್ಟಕ್ಕೇ ನಿಂತಿತು. ಆಮೇಲೆ ಬರೀ ಕೆಮ್ಮು, ನಿಲ್ಲದ ಕೆಮ್ಮು. ನಾನೂ ಅತ್ತೆಯೂ ಅಡುಗೆಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಿದೆವು. ಒಂದೂವರೆ ಕತ್ತೆ! ಆಸ್ಪತ್ರೆಗೆ ಮೊದಲ ಸಲ ಹೋದಾಗ ಎರಡೂವರೆ ಇತ್ತು. ಮಾತ್ರೆ ನುಂಗುತ್ತ ನುಂಗುತ್ತಲೇ ಒಂದು ಪೂರ್ತಿ ಕತ್ತೆ ಹೋಗಿತ್ತು. ಅತ್ತೆ "ಬಯ್ಲಿ ಅಮ್ಮಿ, ಎಷ್ಟಾನ ಬಯ್ಲಿ. ನಾನೇ ಅಲ್ವಾ ಬಾಯಿ ಸುದ್ದ ಆಗ್ಲಿ ಅಂತ ದೀಪ ಅಚ್ಚಿದ್ದು" ಎಂದು ಅತ್ತರು. ನನಗೆ ಭಯವಾಯಿತು. ಈ ಮನುಷ್ಯ ಹೋಗಿಬಿಡುತ್ತಾರೆ ಎಂದು ಮೊದಲ ಬಾರಿ ಅನ್ನಿಸಿದ್ದು ಅವತ್ತೇ.

ಆ ವಾರವೇ ಆಸ್ಪತ್ರೆಗೆ ಹೋದೆವು. ಲಿವರ್ ಸರಿಯಾಗಿಯೇ ಇತ್ತು. ಊದಿಸಿದ್ದರ ಕಾಗದ ನೋಡಿ ಡಾಕ್ಟರಮ್ಮನ ಮುಖ ಸಣ್ಣಗಾಯಿತು. ಇಷ್ಟು ಬೇಗ ಇಷ್ಟು ಇಳಿಯಬಾರದಿತ್ತು ಎಂದರು. "ಹೀಗೇ ಇಳೀತಾ ಹೋದ್ರೆ ಈ ಮಾತ್ರೆ ಕೊಟ್ಟೂ ಪ್ರಯೋಜನ ಇಲ್ಲ. ನಿಲ್ಲಿಸ್ಬೇಕಾಗುತ್ತೆ."

ಅವರೇ ವಿಚಾರಿಸತೊಡಗಿದರು. ಊಟದ ಜೊತೆಗೇ ಕೊಡುತ್ತಿದ್ದೀರಾ? ಹೌದು. ಹೊತ್ತು ತಪ್ಪಿದೆಯಾ? ಇಲ್ಲ. ಕಷಾಯ ಗಿಷಾಯ? ಇಲ್ಲ. ಬಿಸಿಲು?

ಈ ಪ್ರಶ್ನೆಗೇ ಕಾದಿದ್ದವರಂತೆ ಮಾವ ಎದೆ ಉಬ್ಬಿಸಿದರು. "ಒಂದ್ ಎಳೆ ಬಿಸ್ಲು ಬಿದ್ದಿಲ್ಲ ತಾಯಿ. ಕಿಟ್ಕಿ, ಕಿಂಡಿ, ಸಂದು, ಎಲ್ಲಾ ಮುಚ್ಚಾಕಿವ್ನಿ. ಹಗಲೊತ್ತೇ ಟಾರ್ಚು ಬೇಕು, ಅಂಗೈತೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಯಾವುದ್ರಲ್ಲಿ ಮುಚ್ಚಿದೀರ?"

"ಗೋಣಿಚೀಲ. ಬೂಸಾದು. ಜೊತೆಗೆ ಟಾರ್ಪಾಲು."

"ಗಾಳಿ?"

ಮಾವ ನನ್ನ ಕಡೆ ನೋಡಿದರು. ಗಾಳಿಯ ವಿಚಾರ ಯಾರೂ ಹೇಳಿರಲಿಲ್ಲವಲ್ಲ ಎನ್ನುವ ನೋಟ.

"ಒಳಗೆ ಯಾರಾದ್ರೂ ಬೀಡಿ ಸೇದ್ತಾರಾ?"

ಮಾವ ಚಪ್ಪಲಿ ನೋಡಿಕೊಂಡರು. "ನಾನಂತೂ ಸೇದಲ್ಲ. ಸೇದೋರ ಪಕ್ಕದಾಗೆ ಕುಂತಿರ್ತೀನಿ, ಅಷ್ಟೇಯ" ಎಂದರು. ನಾನು ಕಂಬದ ವಿಷಯ, ಹೆಲ್ಮೆಟ್ಟಿನ ವಿಷಯ, ಗಂಟೆಯ ವಿಷಯ, ಊದುಬತ್ತಿಯ ವಿಷಯ ಎಲ್ಲ ಒದರಿಬಿಟ್ಟೆ. ಹೇಳುತ್ತ ಹೇಳುತ್ತ ನನಗೇ ಕೇಳಿಸತೊಡಗಿತು ನಾವು ಮಾಡಿದ್ದು ಏನೆಂದು. ಬೂಸಾದ ಧೂಳು, ಬೀಡಿಯ ಹೊಗೆ, ಊದುಬತ್ತಿಯ ಹೊಗೆ, ಮುಚ್ಚಿದ ಬಾಗಿಲು.

ಡಾಕ್ಟರಮ್ಮ ದನಿಯೆತ್ತಿ, "ಅಲ್ರೀ, ಗಣಿಯಿಂದ ಈಚೆ ಬಂದೋರಿಗೆ ಮನೇಲೇ ಗಣಿ ಕಟ್ಟಿಕೊಟ್ಟಿದ್ದೀರಲ್ಲ!" ಎಂದರು. ಹೊರಗೆ ಸಾಲಿನಲ್ಲಿ ಕೂತವರಿಗೆಲ್ಲ ಕೇಳಿಸಿರಬೇಕು. "ಬಿಸಿಲು ಬೇಡ ಅಂದೆ. ಗಾಳಿ ಬೇಡ ಅಂದ್ನಾ? ಸೇದೋರ ಪಕ್ಕ ಕೂತ್ರೂ ಹೊಗೆ ಹೊಗೆನೇ, ತಾತ. ಬಾಗಿಲು ತೆಗೀರಿ. ನೆರಳಲ್ಲಿ ಹೊರಗೆ ಕೂತ್ಕೊಳ್ಳಿ, ತುಂಬು ತೋಳಿನ ಶರ್ಟು ಹಾಕ್ಕೊಳ್ಳಿ, ಟೋಪಿ ಹಾಕ್ಕೊಳ್ಳಿ, ಮುಖಕ್ಕೆ ಕೈಗೆ ಕ್ರೀಮು ಹಚ್ಚಿ. ನಡು ಮಧ್ಯಾಹ್ನ ಮಾತ್ರ ಒಳಗಿರಿ. ಈಗ ಇಳಿದಿರೋದ್ರಲ್ಲಿ ಹೊಗೆ ಧೂಳಿನ ಪಾಲು ಎಷ್ಟೋ, ಕಲೆಯ ಪಾಲು ಎಷ್ಟೋ ನನಗೆ ಗೊತ್ತಾಗ್ತಿಲ್ಲ. ಮೂರು ತಿಂಗಳು ಸರಿಯಾಗಿ ಮಾಡ್ಕೊಂಡು ಬನ್ನಿ. ಮಾತ್ರೆ ಬೇಕೋ ಬೇಡ್ವೋ ಆಗ ನೋಡೋಣ."

ಮಾವ ಮನೆಗೆ ಬಂದು ಜೊತೆಗಾರರಿಗೆ ಹೇಳಿದರು. ಟಿಂಬರ್ ತಾತ ಬಹಳ ಹೊತ್ತು ಕಂಬದ ಮೇಲೆ ಕೈಯಾಡಿಸುತ್ತ ನಿಂತಿದ್ದರು. "ಇಷ್ಟು ವರ್ಸದಲ್ಲಿ ನಾ ಕೊಟ್ಟ ಕಂಬ ಯಾರನ್ನೂ ಸಾಯಿಸಿಲ್ಲಪ್ಪಾ" ಎಂದು ಅವರು ಕಣ್ಣೊರೆಸಿಕೊಂಡಾಗ ನನ್ನ ಕೋಪವೆಲ್ಲ ಇಳಿದುಹೋಯಿತು. ನಾನೇ ಅವರಿಗೆ ಕಾಫಿ ಮಾಡಿಕೊಟ್ಟೆ. ಗಂಟೆ ತಾತ ಉಳಿದ ಬೀಡಿಗಳನ್ನು ಮೋರಿಗೆ ಹಾಕಿ, ಕೊನೆಯ ಬಾರಿ ಗಂಟೆ ಬಾರಿಸಿದರು. ಮೂವರೂ ಸಾಲಾಗಿ, ಎತ್ತರದ ಬಾಗಿಲಲ್ಲಿ ಬಗ್ಗಿಕೊಂಡೇ, ಹೊರಗೆ ಬಂದರು. ನಾನು ಮೂಗಿಗೆ ಬಟ್ಟೆ ಕಟ್ಟಿಕೊಂಡು ಗೋಣಿಚೀಲ ಕಿತ್ತೆಸೆದೆ. ಅವುಗಳಿಂದ ಉದುರಿದ ಧೂಳನ್ನು ಎರಡೆರಡು ಸಲ ಗುಡಿಸಿ ತೊಳೆದೆ.

ಆಮೇಲೆ ಹೊಂಗೆಮರದ ನೆರಳಿಗೆ ಬೆಂಚು ಬಂತು. ಮುರಿದ ಕೊಡೆಯ ಕಪ್ಪು ಬಟ್ಟೆಯಿಂದ ನಾನು ಮಾವನಿಗೆ ಅಗಲ ಅಂಚಿನ ಟೋಪಿ ಹೊಲಿದೆ. ಅಂಚು ಜೋಲದಂತೆ ಬಕೀಟಿನ ಹಿಡಿಯ ತಂತಿ ಸೇರಿಸಿದೆ. ಮೊಣಕೈವರೆಗಿದ್ದ ಶರ್ಟುಗಳಿಗೆಲ್ಲ ತೋಳು ಜೋಡಿಸಿದೆ, ಒಂದೊಂದು ತೋಳು ಒಂದೊಂದು ಬಣ್ಣ. ಕ್ರೀಮು ಹಚ್ಚುವುದು ಅತ್ತೆಯ ಪಾಲಿನ ಕೆಲಸ. ಡಾಕ್ಟರಮ್ಮ ಧಾರಾಳವಾಗಿ ಹಚ್ಚಿ ಎಂದಿದ್ದರು. ಅತ್ತೆ ಗೋಡೆಗೆ ಸುಣ್ಣ ಬಳಿದಂತೆ ಬಳಿದರು. ಮಾರನೆಯ ದಿನ ನೋಡಿದರೆ ಜೊತೆಗಾರರಿಬ್ಬರೂ ಬಿಳಿ ಮುಖ ಮಾಡಿಕೊಂಡು ಕೂತಿದ್ದಾರೆ.

"ನಿಮಗ್ಯಾಕೆ ತಾತ ಕ್ರೀಮು? ನೀವು ಮಾತ್ರೆ ತಗೊಳಲ್ವಲ್ಲ?"

"ಅವ್ನೊಬ್ನೇ ಅಂಗೆ ಕುಂತಿದ್ರೆ ಜನ ನಗಲ್ವೇನಮ್ಮಾ?" ಎಂದರು ಗಂಟೆ ತಾತ.

ಒಬ್ಬರ ಬದಲು ಮೂವರು ಆ ವೇಷದಲ್ಲಿ ಕೂತರೆ ಜನ ನಗುವುದಿಲ್ಲ ಎಂದು ಅವರ ನಂಬಿಕೆ. ಜನ ಬಸ್ಸಿನಿಂದ ಇಣುಕಿ ಇಣುಕಿ ನಕ್ಕರು. ಗಂಟೆ ತಾತನಿಗೆ ಬೀಡಿ ಪೂರ್ತಿ ಬಿಡಲಾಗಲಿಲ್ಲ, ಆದರೆ ಸೇದಬೇಕೆನಿಸಿದಾಗ ಎದ್ದು ಬಸ್ ನಿಲ್ದಾಣದವರೆಗೂ ನಡೆದುಹೋಗಿ ಸೇದಿ, ಬಾಯಿ ಮುಕ್ಕಳಿಸಿ, ಶರ್ಟು ಬದಲಾಯಿಸಿ ಬರುತ್ತಿದ್ದರು. ಅಷ್ಟು ದೂರ ನಡೆಯಲು ಬೇಸರವಾಗಿ ಬರಬರುತ್ತಾ ಬೀಡಿಯೇ ಕಡಿಮೆಯಾಯಿತು. ಕುಕ್ಕರ್ ಮಾತ್ರ ಮೂರು ಹೊತ್ತೂ ಕೂಗುತ್ತಿತ್ತು.

ಆ ಮೂರು ತಿಂಗಳು ಮೇಕೆ ನಮ್ಮ ಬಾಗಿಲಿಗೆ ಬರದಂತೆ ನಾನು ಕಾವಲು ಕಾದೆ. ಮಾವ ಬಯ್ಯಲು ಹೋಗಿ ನಡುವೆ ನಿಂತುಬಿಟ್ಟರೆ ಕೇಳುವ ಧೈರ್ಯ ನನಗಿರಲಿಲ್ಲ. ಅತ್ತೆಗೂ ಇರಲಿಲ್ಲ. ಪಕ್ಕದ ಮನೆಯವರಿಗೆ ದಿನಾ ಒಂದು ಕಟ್ಟು ಸೊಪ್ಪು ಕೊಟ್ಟು, ಮೇಕೆಯನ್ನು ಕಟ್ಟಿಯೇ ಇಡಿ ಎಂದು ಬೇಡಿಕೊಂಡೆ, ಕಾಲು ಹಿಡಿಯುವುದೊಂದು ಬಾಕಿ.

ಗಡುವಿನ ದಿನ ಬಂತು. ಈ ಸಲ ಅತ್ತೆಯೂ ಹೊರಟರು. ಮಾವ ಕೊಳವೆ ಊದುವಾಗ ಅತ್ತೆ ಹೊರಗಿನ ಬೆಂಚಿನ ಮೇಲೆ ಕೂತು ತಾವೂ ಕೆನ್ನೆ ಉಬ್ಬಿಸಿ ಊದುತ್ತಿದ್ದರು. ಡಾಕ್ಟರಮ್ಮ ಹೊಸ ಕಾಗದವನ್ನೂ ಮೊಟ್ಟಮೊದಲ ಕಾಗದವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರು. "ಮೊದಲ ದಿನ ಎಷ್ಟಿತ್ತೋ ಅಷ್ಟೇ ಇದೆ" ಎಂದರು.

"ಅಷ್ಟೇನಾ?" ಎಂದೆ ನಾನು. ಇಷ್ಟೆಲ್ಲ ಪಾಡುಪಟ್ಟದ್ದಕ್ಕೆ ಅಷ್ಟೇನಾ ಎಂದು ನನಗೆ ಸಿಟ್ಟೇ ಬಂತು.

"ಅಷ್ಟೇ ಇರೋದೇ ದೊಡ್ಡದು. ಇಳಿದಿಲ್ಲ. ಮಾತ್ರೆ ಮುಂದುವರಿಸೋಣ. ರಕ್ತ ಪರೀಕ್ಷೆ ಮಾತ್ರ ತಪ್ಪಿಸ್ಬೇಡಿ" ಎಂದರು. ಆ ಕಾಗದ ನನಗೆ ಅರ್ಥವಾಗಲಿಲ್ಲ. ಗೆರೆಗಳು, ಅಂಕಿಗಳು. ಬರುವ ದಾರಿಯುದ್ದಕ್ಕೂ ಅತ್ತೆ ನನ್ನನ್ನು ಕೇಳುತ್ತಲೇ ಇದ್ದರು, "ಒಳ್ಳೇದೇನಮ್ಮಿ ಅಂದದ್ದು? ಒಳ್ಳೇದೇನಾ?" ನಾನು ಹೌದು ಹೌದು ಎನ್ನುತ್ತಿದ್ದೆ.

ಬಸ್ಸಿಳಿದು ಮನೆಗೆ ಬಂದರೆ ಮೇಕೆ ಹಗ್ಗ ಕಡಿದುಕೊಂಡು ನಮ್ಮ ಬೆಂಚಿನ ಹತ್ತಿರ ನಿಂತಿತ್ತು. ನಾನು ಹೊಲಿದುಕೊಟ್ಟ, ಮಾವ ಬೆಂಚಿನ ಮೇಲೆಯೇ ಮರೆತುಹೋಗಿದ್ದ ಟೋಪಿ ಅದರ ಬಾಯಲ್ಲಿತ್ತು. ಅಂಚು ಅರ್ಧ ಹೋಗಿ ಬಕೀಟಿನ ತಂತಿ ಹೊರಗೆ ನೇತಾಡುತ್ತಿತ್ತು. ಮಾವ ನಿಂತರು, ಉಸಿರು ಎಳೆದುಕೊಂಡರು. ಬೇಡ ಮಾವ ಎನ್ನುವಷ್ಟರಲ್ಲಿ ಅತ್ತೆ ನನ್ನ ಕೈ ಹಿಡಿದುಕೊಂಡರು.

"ಲೇ ಕತ್ತೆ ನನ್ಮಗನೆ..." ಅಂದರು ಮಾವ. ಅತ್ತೆಯ ಹಿಡಿತ ಬಿಗಿಯಾಯಿತು. "ಗಾಡಿದ ಕೊಡಕಾ..." ಪೂರ್ತಿ ಬಂತು! ದಾಟಿತು! "ಕಳು..."

ಅಲ್ಲಿ ನಿಂತಿತು. ಮೊದಲು ನಿಂತಿದ್ದ ಜಾಗದಲ್ಲೇ ನಿಂತಿತು. ಮಾವ 'ಇಷ್ಟೇ ನೋಡಮ್ಮಾ' ಎನ್ನುವಂತೆ ನನ್ನ ಕಡೆ ತಿರುಗಿ ಕೈಚೆಲ್ಲಿದರು. ಕಣ್ಣಲ್ಲಿ ಮಾತ್ರ ನಗುವಿತ್ತು. ನನಗೆ ಅಳು ಬಂತು. ಡಾಕ್ಟರಮ್ಮ ಹೇಳಿದ್ದು ಈಗ ತಿಳಿಯಿತು ನನಗೆ.

ಮೇಕೆ ಜಗಿಯುವುದನ್ನು ನಿಲ್ಲಿಸಿ ತಲೆಯೆತ್ತಿ ಕಾಯುತ್ತಿತ್ತು. ಆಗ ಅತ್ತೆ ನನ್ನ ಕೈ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಹೆಜ್ಜೆ ಮುಂದೆ ಬಂದು ಇಡೀ ಲೈನಿಗೆ ಕೇಳುವಂತೆ ಕೂಗಿದರು:

"ಕಳುದೆ ಪಯಲೇ!"